ಒಳಗಿನ ಚಿಲಕ

ಮೂವತ್ತು ತುಂಬುವವರೆಗೆ ದೀಕ್ಷಿತಾಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಜಾಗವೆಂದು ಇದ್ದದ್ದು ಬಚ್ಚಲುಮನೆ ಒಂದೇ. ಅಲ್ಲಿಯೂ ಐದು ನಿಮಿಷ ದಾಟಿದರೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಉಡುಪಿಯಲ್ಲಿ ಅಪ್ಪನ ಪುಸ್ತಕದಂಗಡಿಯ ಹಿಂದಿನ ಬಾಡಿಗೆ ಮನೆ, ಏಳು ಜನ, ಒಂದು ಅಡುಗೆಮನೆ, ಒಂದು ಕೋಣೆ. ಕೋಣೆ ಅಜ್ಜಿಯದು. ಉಳಿದವರು ಚಾವಡಿಯಲ್ಲಿ ಚಾಪೆ ಹಾಸಿ, ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗಿಸಿಕೊಂಡು ಮಲಗಬೇಕು. ನೆಂಟರು ಬಂದರೆ ಮಕ್ಕಳ ಚಾಪೆ ಬಾಗಿಲ ಕಡೆಗೆ ಸರಿಯುತ್ತಿತ್ತು, ಮತ್ತು ನೆಂಟರಿಲ್ಲದ ವಾರ ಒಂದಿತ್ತೆಂದು ಅವಳಿಗೆ ನೆನಪಿಲ್ಲ. ಮಣಿಪಾಲದ ಹಾಸ್ಟೆಲಿನಲ್ಲಿ ನಾಲ್ವರಿಗೊಂದು ಕೋಣೆ ಸಿಕ್ಕಾಗ ಅದೇ ಅರಮನೆ ಅನ್ನಿಸಿತ್ತು.

ಫಿಸಿಯಾಲಜಿ ಕಲಿಸುವ ಕೆಲಸ ಸಿಕ್ಕಿ ಮಲೇಷ್ಯಾಕ್ಕೆ ಬಂದಾಗ ಅವಳನ್ನು ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋದವರು ಉಮಾನಾಥ ರಾಯರು. ಅವಳು ಸೇರಿದ ಮೆಡಿಕಲ್ ಕಾಲೇಜಿನಲ್ಲೇ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿರುವವರು. ಪುಚೊಂಗಿನಲ್ಲಿ ಸಾಲುಮನೆಗಳ ತುದಿಯ ಮನೆ ಅವರದು, ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ. ಕರಾವಳಿ ಕಡೆಯಿಂದ ಹೊಸದಾಗಿ ಬಂದವರು ಮೊದಲು ಇಳಿಯಬೇಕಾದದ್ದು ಅಲ್ಲಿ. ಸ್ವಂತಕ್ಕೊಂದು ಬಾಡಿಗೆ ಮನೆ ಸಿಗುವವರೆಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿದ್ದೂ ಇಲ್ಲ. ರಾಯರ ಮಗಳು ಶ್ರೀಯಾಳ ಕೋಣೆಯಲ್ಲಿ ದೀಕ್ಷಿತಾ ನಾಲ್ಕು ತಿಂಗಳಿದ್ದಳು. ಇನ್ನೂ ಮನೆ ಸಿಕ್ಕಿಲ್ಲ ಎಂದು ಸಂಕೋಚಪಟ್ಟಾಗಲೆಲ್ಲ ರಾಯರ ಹೆಂಡತಿ ಸುಮತಿ ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿ, "ಅವಸರ ಎಂತ ಇಲ್ಲ ಮಾರಾಯ್ತಿ, ನಿಧಾನ ನೋಡು" ಎನ್ನುತ್ತಿದ್ದರು. ಆ ಮಾತಿಗೆ ಒಮ್ಮೆ ದೀಕ್ಷಿತಾ ಅತ್ತೂ ಇದ್ದಳು. ಉಪಕಾರ ಮಾಡಿದವರು ಮರೆತರೂ ಮಾಡಿಸಿಕೊಂಡವರಿಗೆ ಮರೆಯಲು ಬಿಡದ ಮಾತದು.

ಆಮೇಲೆ ಕಾರ್ತಿಕನ ಜೊತೆ ಮದುವೆಯಾಯಿತು. ಬೆಂಗಳೂರಿನ ಹುಡುಗ, ಅಲ್ಲೇ ಹತ್ತಿರದ ಬಾಂಗ್ಸಾರಿನಲ್ಲಿ ಆಫೀಸು, ಮಾತು ಕಡಿಮೆ, ನಗು ಹೆಚ್ಚು. ಪುಚೊಂಗಿನಲ್ಲೇ ಹನ್ನೊಂದನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಸರಿಯಾಗಿ ಆರು ವಾರಕ್ಕೆ ಕಾರ್ತಿಕನ ಚಿಕ್ಕಪ್ಪನ ಮಗ ಪ್ರಜ್ವಲ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದ. ಮನೆ ಸಿಗುವವರೆಗೆ ಎಂದು ಬಂದವನು ಹನ್ನೊಂದು ತಿಂಗಳಾದರೂ ಹುಡುಕುತ್ತಲೇ ಇದ್ದ. ಹುಡುಕುತ್ತಿದ್ದದ್ದು ಮನೆಯನ್ನೋ ಫ್ರಿಜ್ಜಿನಲ್ಲಿ ಉಳಿದ ಸಾರನ್ನೋ ಹೇಳುವುದು ಕಷ್ಟ. ಗಂಡಹೆಂಡತಿ ಜಗಳವಾಡಬೇಕಾದರೂ ಪಿಸುದನಿಯಲ್ಲಿ ಆಡಬೇಕು. ಪಿಸುದನಿಯ ಜಗಳಕ್ಕೆ ಮುಕ್ತಾಯವೆಂಬುದಿಲ್ಲ.

ಅವರು ಟೆಂಟು ಕೊಂಡದ್ದು ಆಗ. ಅಗ್ಗದ ಹಸಿರು ಟೆಂಟು, ಇಬ್ಬರು ಮಲಗಿದರೆ ಮೂರನೆಯ ದಿಂಬಿಗೂ ಜಾಗವಿಲ್ಲ. ತಿಂಗಳಿಗೊಂದು ಶನಿವಾರ ಜಂಡಾ ಬಾಯಿಕ್‌ನ ಹೊಳೆಯ ದಂಡೆಗೋ ಮೋರಿಬ್‌ನ ಕಡಲತೀರಕ್ಕೋ ಹೋಗುತ್ತಿದ್ದರು. ಒಳಗೆ ಕೂತು ಜಿಪ್ ಎಳೆದುಕೊಂಡ ಮೊದಲ ದಿನ ದೀಕ್ಷಿತಾ ಸುಮ್ಮನೆ ನಕ್ಕಳು.

"ಏನೇ ಅದು?" ಎಂದು ಕೇಳಿದ ಕಾರ್ತಿಕ.

"ಇನ್ನು ಯಾರೂ ಬರ್ಲಿಕ್ಕಿಲ್ಲ ಅಲ್ವಾ," ಎಂದಳು.

ಗಂಡಹೆಂಡತಿಯ ಮಾತುಕತೆ ಎಂಬುದು ಅವರ ನಡುವೆ ನಡೆದಿದ್ದರೆ ಆ ಬಟ್ಟೆಯ ಗೋಡೆಗಳ ನಡುವೆಯೇ. ಆದರೆ ಮಲೇಷ್ಯಾದ ಮಳೆ ಇಂಥದ್ದಕ್ಕೆಲ್ಲ ಮರ್ಯಾದೆ ಕೊಡುವುದಲ್ಲ. ಒಂದು ಭಾನುವಾರ ಬೆಳಗ್ಗೆ ಹಾಸಿಗೆಯಡಿ ನೀರು ಹರಿದು, ಕಾರ್ತಿಕನ ಕಾಲಿಗೆ ಜಿಗಣೆ ಅಂಟಿ, ಇಬ್ಬರೂ ಒದ್ದೆ ಬಟ್ಟೆಯಲ್ಲೇ ದಾರಿಬದಿಯ ಮಾಮಕ್ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್. ಹಾಲಿನ ಕೆನೆ ಬಣ್ಣ, ನಡುವೆ ಕಂದು ಪಟ್ಟಿ. ಒಳಗೆ ಮಂಚ, ಎರಡು ಉರಿಯ ಒಲೆ, ಪುಟ್ಟ ಫ್ರಿಜ್ಜು, ಪುಟ್ಟ ಶೌಚಾಲಯ.

ದೀಕ್ಷಿತಾ ಕೇಳಿದ್ದು ಒಂದೇ ಪ್ರಶ್ನೆ. "ಬಾಗ್ಲಿಗೆ ಒಳಗಿಂದ ಚಿಲಕ ಉಂಟಾ?"

ಮಾರುವವರು ಇಪೋದ ಒಬ್ಬ ವಯಸ್ಸಾದ ಚೀನೀ ಮೇಷ್ಟರು. ಹೆಂಡತಿ ತೀರಿಕೊಂಡ ಮೇಲೆ ಅವರು ಅದನ್ನು ಎಳೆದಿರಲಿಲ್ಲ. ಕೀಲಿಕೈ ಕೊಡುವಾಗ ಅವರು ಅಲ್ಲಿಯವರ 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಇಬ್ಬರಿಗೆ ಸರಿ ಹೋಗುತ್ತೆ ಲಾ. ಮೂರನೆಯವರನ್ನು ಹತ್ತಿಸಬೇಡಿ, ಆಮೇಲೆ ಇದೂ ಒಂದು ಮನೆ ಆಗಿಬಿಡುತ್ತೆ." ದೀಕ್ಷಿತಾ ತಲೆಯಾಡಿಸಿದಳು. ಒಳ್ಳೆಯ ಮಾತಿಗೆ ತಲೆಯಾಡಿಸುವುದರಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ.

ಕಾರಿನ ಹಿಂದೆ ಕೊಕ್ಕೆ ಕೂರಿಸಿದರು, ತಪಾಸಣೆ ಮುಗಿಸಿದರು, ಕಾಗದಪತ್ರ ಮಾಡಿಸಿದರು. ಚಿಕ್ಕ ಕಾರಿನ ಹಿಂದೆ ಅಷ್ಟು ಉದ್ದದ್ದನ್ನು ಕಂಡು ಪ್ರಜ್ವಲ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅತ್ತಿಗೆ" ಎಂದ. ನಿಲ್ಲಿಸುವ ಜಾಗದ ಪ್ರಶ್ನೆ ಬಂತು. ಬಹುಮಹಡಿ ಕಟ್ಟಡದವರು ಇಂಥದ್ದಕ್ಕೆ ಅವಕಾಶವಿಲ್ಲ ಎಂದರು. ಕಾರ್ತಿಕ ಶಾ ಆಲಂ ಕಡೆ ಬಾಡಿಗೆಗೆ ಒಂದು ಗೋದಾಮಿನ ಅಂಗಳ ನೋಡಿಕೊಂಡು ಬಂದಿದ್ದ. ಅಷ್ಟರಲ್ಲಿ ರಾಯರಿಗೆ ಸುದ್ದಿ ಹೋಯಿತು.

"ನಮ್ಮನೆ ಪಕ್ಕ ಜಾಗ ಖಾಲಿ ಬಿದ್ದಿರುವಾಗ ಬಾಡಿಗೆ ಎಂತಕ್ಕೆ?" ಎಂದು ರಾಯರು ಫೋನಿನಲ್ಲಿ ಗದರಿದರು. ಕಾರ್ತಿಕ ಬೇಡವೆಂದು ಕೈ ಆಡಿಸುತ್ತಿದ್ದಂತೆಯೇ ದೀಕ್ಷಿತಾ, "ಆಯ್ತು ಅಂಕಲ್, ತುಂಬಾ ಉಪಕಾರ ಆಯ್ತು" ಎಂದುಬಿಟ್ಟಳು.

ಸುಮತಿ ಚಕ್ರಕ್ಕೆ ನಿಂಬೆಹಣ್ಣಿಟ್ಟು ಆರತಿ ಎತ್ತಿದರು. ಆಮೇಲೆ ಕೈಚಾಚಿ, "ಇನ್ನೊಂದು ಕೀಲಿ ಇದ್ರೆ ಕೊಟ್ಟಿರು. ಮುಚ್ಚಿಟ್ರೆ ಈ ಹವೆಗೆ ಬೂಷ್ಟು ಹಿಡೀತದೆ, ನಾನು ದಿನಾ ಕಿಟಕಿ ತೆಗೆದು ಗಾಳಿ ಆಡಿಸ್ತೇನೆ" ಎಂದರು. ಮಾತು ನ್ಯಾಯವಾದದ್ದೇ. ದೀಕ್ಷಿತಾ ತನ್ನ ಕೈಯಾರೆ ಕೀಲಿಕೈ ಕೊಟ್ಟಳು. ಚಿಲಕ ಇದೆಯೇ ಎಂದು ಕೇಳಿ ಗಾಡಿ ಕೊಂಡವಳು ಕೀಲಿಯ ಬಗ್ಗೆ ಯೋಚಿಸಲಿಲ್ಲ, ನೋಡಿ.

ಒಂದೇ ಒಂದು ಸಲ ಅವರು ಅದನ್ನು ಎಳೆದುಕೊಂಡು ಹೋದರು. ಸೆಕಿಂಚಾನಿನ ಗದ್ದೆಗಳ ಅಂಚಿನಲ್ಲಿ ಎರಡು ದಿನ. ಬೆಳಗ್ಗೆ ಹನ್ನೊಂದು ಗಂಟೆಗೆ, ಹೊರಗೆ ಚುರುಚುರು ಬಿಸಿಲಿರುವಾಗ, ದೀಕ್ಷಿತಾ ಎದ್ದು ಹೋಗಿ ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಕಾರ್ತಿಕ ಮಂಚದಿಂದಲೇ ನೋಡುತ್ತಿದ್ದ. ಆವತ್ತು ಅವರು ಜೋರಾಗಿ ಮಾತಾಡಿದರು, ಜೋರಾಗಿ ಒಂದು ಜಗಳವನ್ನೂ ಆಡಿ ಮುಗಿಸಿದರು, ಮಧ್ಯಾಹ್ನವಿಡೀ ಮಲಗಿದರು. ಅವಳ ಜೀವನದಲ್ಲಿ ಸುಖವೆಂದು ಬೆರಳಿಟ್ಟು ತೋರಿಸುವ ಎರಡು ದಿನ ಅವು.

ಏಪ್ರಿಲಿನಲ್ಲಿ ಕ್ಯಾರವಾನಿನ ಫ್ರಿಜ್ಜಿನೊಳಗೆ ಸುಮತಿಯವರ ಉಪ್ಪಿನಕಾಯಿ ಭರಣಿ ಕಂಡಿತು. ಮೇ ತಿಂಗಳಲ್ಲಿ ಮಂಚದ ಮೇಲೆ ಹಪ್ಪಳ ಹರಡಿತ್ತು. ಜೂನಿನಲ್ಲಿ ಸುಮತಿಯವರ ತಂಗಿಯ ಸಂಸಾರ ಕುಂದಾಪುರದಿಂದ ಎರಡು ತಿಂಗಳಿಗೆಂದು ಬಂತು. ಮಹಡಿಯ ಕೋಣೆಯಲ್ಲಿ ಆಗಲೇ ಮಹಿತ್ ಮತ್ತು ಪೂರ್ವಿ ಇದ್ದರು. ಮಹಿತ್ ದೀಕ್ಷಿತಾಳ ವಿಭಾಗಕ್ಕೇ ಹೊಸದಾಗಿ ಸೇರಿದ ಹುಡುಗ, ಪೂರ್ವಿ ಅವನ ಹೆಂಡತಿ. ಮನೆ ಹುಡುಕುತ್ತಿದ್ದರು.

"ಎರಡೇ ವಾರ ಮಾರಾಯ್ತಿ," ಎಂದು ಸುಮತಿ ಫೋನ್ ಮಾಡಿದರು. "ನಿಮ್ಮದು ಹೇಗೂ ಖಾಲಿ ನಿಂತಿದೆ. ಮಹಿತ್, ಪೂರ್ವಿ ಅದ್ರಲ್ಲಿ ಮಲಗ್ಲಿ."

ದೀಕ್ಷಿತಾಳ ಗಂಟಲಲ್ಲಿ 'ಬೇಡ' ಎಂಬ ಎರಡಕ್ಷರ ಬಂದು ಕೂತಿತ್ತು. ಆದರೆ ಶ್ರೀಯಾಳ ಕೋಣೆ, ನಾಲ್ಕು ತಿಂಗಳು, ಆ ಹುಳಿಯ ಸೌಟು, ಎಲ್ಲ ಅದರ ಮೇಲೆ ಕೂತವು. "ಅದಕ್ಕೇನಂತೆ ಆಂಟಿ," ಎಂದಳು. ಕಾರ್ತಿಕ ಆ ಸಂಜೆ ಊಟ ಮಾಡಲಿಲ್ಲ. ಹೊರಗಿನಿಂದ ಪೊಟ್ಟಣ ಕಟ್ಟಿಸಿ ತಂದ ನೂಡಲ್ಸನ್ನು ಪ್ರಜ್ವಲ ಇಬ್ಬರ ಪಾಲಿನದ್ದೂ ಸೇರಿಸಿ ತಿಂದ.

ಎರಡು ವಾರ ಎಂದದ್ದು ಜುಲೈ ದಾಟಿತು. ತಿಂಗಳು ಮೂರು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಬಾಯಿ ಮುಚ್ಚಿಕೊಂಡಿದ್ದ ಪೂರ್ವಿ, ಕ್ಯಾರವಾನಿಗೆ ಹೋದ ಮೇಲೆ ಜೂನ್ ಕೊನೆಗೇ ತಾನು ಬಸುರಿ ಎಂದು ಹೇಳಿದ್ದಳು. ಎಲ್ಲರಿಗೂ ಸಂತೋಷ. ದೀಕ್ಷಿತಾಳೂ ಮೈಸೂರುಪಾಕು ತೆಗೆದುಕೊಂಡು ಹೋಗಿ ಕೊಟ್ಟು ಬಂದಳು. ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ಕೂತಿದ್ದಳು.

"ಆಗಸ್ಟ್ ಕೊನೆಗೆ ಲಾಂಗ್ ವೀಕೆಂಡ್ ಇದೆ," ಎಂದ ಕಾರ್ತಿಕ. "ಚೆರಾಟಿಂಗ್ ಬೀಚಲ್ಲಿ ಜಾಗ ಬುಕ್ ಮಾಡಿದೀನಿ. ಆಂಟಿಗೆ ನೀನ್ ಹೇಳ್ತೀಯೋ ನಾನ್ ಹೇಳ್ಲೋ?"

"ನಾನೇ ಹೇಳ್ತೇನೆ."

"ಖಂಡಿತಾ?"

"ಖಂಡಿತಾ. ಅವ್ರ ತಂಗಿಯೂ ಹೋಗಿ ಆಯ್ತು. ಮೇಲಿನ ರೂಮು ಖಾಲಿ ಉಂಟು. ಹತ್ತು ಹೆಜ್ಜೆ ಅಷ್ಟೇ."

ಮೂರು ವಾರ ಸಮಯವಿತ್ತು. ಪ್ರತಿದಿನ ಫೋನ್ ಎತ್ತಿಕೊಂಡಳು, ಪ್ರತಿದಿನ ಕೆಳಗಿಟ್ಟಳು. ಎದುರಿಗೇ ಹೇಳಿದರೆ ಚಂದ ಎಂದು ಕೊನೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇತ್ತ ಪ್ರಜ್ವಲ, "ನಿಮಗೆ ಹೇಗೂ ಕ್ಯಾರವಾನ್ ಇದೆಯಲ್ಲ" ಎಂದು ಟೆಂಟು ಕೇಳಿದ. ಅದನ್ನೂ ಕೊಟ್ಟಳು. ಅವನು ಗೆಳೆಯರ ಜೊತೆ ನಾಲ್ಕು ದಿನಕ್ಕೆ ಲಂಕಾವಿ ದ್ವೀಪಕ್ಕೆ ಹೋದ.

ಶನಿವಾರ ಬೆಳಗ್ಗೆ ಅಕ್ಕಿ, ಬೇಳೆ, ಚಾಪೆ, ಚಾದರ ತುಂಬಿಕೊಂಡು ಇಬ್ಬರೂ ರಾಯರ ಮನೆ ಮುಂದೆ ಇಳಿದರು. ಕ್ಯಾರವಾನಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟಿತ್ತು. ಬಾಗಿಲ ಮೇಲೆ ತಗಡಿನ ಚಪ್ಪರ, ಬಟ್ಟೆ ಒಣಗಿಸುವ ಹಗ್ಗ, ಮೆಟ್ಟಿಲ ಪಕ್ಕ ತುಳಸಿಯ ಕುಂಡ. ಹೊಸ್ತಿಲಲ್ಲಿ ಅಕ್ಕಿಹಿಟ್ಟಿನ ರಂಗೋಲಿ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ದೀಕ್ಷಿತಾ ತನ್ನ ಬಾಗಿಲನ್ನು ತಾನು ತಟ್ಟಿದಳು. ಒಳಗಿನಿಂದ ಚಿಲಕ ತೆಗೆದ ಸದ್ದು ಕೇಳಿತು.

"ಅಯ್ಯೋ ದೀಕ್ಷಿತಕ್ಕ, ಬನ್ನಿ ಬನ್ನಿ," ಎಂದಳು ಪೂರ್ವಿ. "ಈಗಷ್ಟೇ ನೆಲ ಒರೆಸಿದ್ದು, ಚಪ್ಪಲಿ ಅಲ್ಲೇ ಬಿಡಿ. ಕಾಫಿ ಮಾಡ್ತೇನೆ."

ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ, ತಮ್ಮದೇ ಮಂಚದ ಅಂಚಿನಲ್ಲಿ ನೆಂಟರ ಹಾಗೆ ಕೂತರು. ಹೆಂಗಸರ ದನಿ ಕೇಳಿ ಸುಮತಿಯೂ ಬಂದು ಬಾಗಿಲಲ್ಲಿ ನಿಂತರು. ದೀಕ್ಷಿತಾ ರಂಗೋಲಿಯನ್ನು ಹೊಗಳಿದಳು, ತುಳಸಿಯನ್ನು ಹೊಗಳಿದಳು. ಬಂದ ಕೆಲಸವನ್ನು ಕಾರ್ತಿಕನೇ ಹೇಳಿದ. "ಆಂಟಿ, ಗಾಡಿ ಬೇಕಿತ್ತು. ಇವತ್ತು ಹೊರಟಿದೀವಿ. ಇವರು ಮೇಲಿನ ರೂಮಲ್ಲಿ ಇರಬಹುದಲ್ವಾ, ಈಗ ಖಾಲಿ ಇದೆ."

ಸುಮತಿ ಕೋಪಿಸಿಕೊಳ್ಳಲಿಲ್ಲ. ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು. "ಅವ್ಳಿಗೆ ಐದು ತುಂಬ್ತು ಮಗಾ. ಬಸುರಿ ಐದು ತುಂಬಿದ ಮೇಲೆ ಮನೆ ಬದಲಿಸಬಾರ್ದು. ಹೆರಿಗೆ ಆಗ್ಲಿ. ಬಾಣಂತನ ಇಲ್ಲೇ ಮಾಡುವ ಅಂತ ಅವ್ಳ ಅಮ್ಮನಿಗೂ ಹೇಳಿ ಆಯ್ತು."

"ಇದು ಮನೆ ಅಲ್ಲ ಆಂಟಿ, ಇದಕ್ಕೆ ಚಕ್ರ ಇದೆ. ಆ ರೂಮಿಂದ ಇಲ್ಲಿಗೆ ಬಂದಾಗ್ಲೂ ಬಸುರಿನೇ ಅಲ್ವಾ?"

"ಆಗ ಐದು ತುಂಬಿತ್ತಾ, ನಮ್ಗೆ ಗೊತ್ತಿತ್ತಾ?" ಎಂದರು ಸುಮತಿ. "ಒಲೆ ಹೊತ್ತಿಸಿ ಹಾಲು ಉಕ್ಕಿಸಿದ ಮೇಲೆ ಮನೆಯೇ."

ಐದು ತಿಂಗಳ ಬಸುರಿ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಏನೂ ಆಗುವುದಿಲ್ಲ ಎಂದು ದೀಕ್ಷಿತಾ ವರ್ಷಕ್ಕೆ ನೂರೈವತ್ತು ವಿದ್ಯಾರ್ಥಿಗಳಿಗೆ ಕಲಿಸುತ್ತಾಳೆ. ಮೈಕ್ ಹಿಡಿದು, ಚಿತ್ರ ತೋರಿಸಿ ಕಲಿಸುತ್ತಾಳೆ. ಇಲ್ಲಿ ಒಂದು ಮಾತು ಸಾಕಿತ್ತು.

ಪೂರ್ವಿ ಕಾಫಿಯ ಲೋಟ ಹಿಡಿದು ನಿಂತಿದ್ದಳು. ಕೆಟ್ಟ ಹುಡುಗಿಯಲ್ಲ. ಅವಳ ಮುಖ ಚಿಕ್ಕದಾಗಿತ್ತು. "ನಿಮ್ಗೆ ತೊಂದ್ರೆ ಆಗ್ತಾ ಉಂಟಾ ದೀಕ್ಷಿತಕ್ಕ? ಇದ್ರೆ ಹೇಳಿ. ನಂಗೆ ಈ ನಂಬಿಕೆ ಎಲ್ಲ ಅಷ್ಟು ಇಲ್ಲ. ನಾವು ಇವತ್ತೇ ಮೇಲೆ ಹೋಗ್ತೇವೆ."

ದಾರಿ ಹೀಗೆ ತಾನಾಗಿ ತೆರೆದುಕೊಳ್ಳುವುದು ಎಷ್ಟು ಜನರಿಗೆ ಸಿಗುತ್ತದೆ? ಕಾರ್ತಿಕ ಹೆಂಡತಿಯ ಮುಖವನ್ನೇ ನೋಡಿದ. ಸುಮತಿಯೂ ನೋಡಿದರು. ದೀಕ್ಷಿತಾ ಇಬ್ಬರನ್ನೂ ನೋಡದೆ, ಲೋಟದೊಳಗಿನ ಕಾಫಿಯನ್ನು ನೋಡುತ್ತ ಹೇಳಿದಳು. "ಛೆ, ಎಂತ ತೊಂದ್ರೆ. ಅವಸರ ಎಂತ ಇಲ್ಲ ಪೂರ್ವಿ, ನಿಧಾನ ನೋಡಿ."

ಸುಮತಿ ಹೆಮ್ಮೆಯಿಂದ ಅವಳ ಬೆನ್ನು ಸವರಿದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಇಲ್ಲಿ ದಾಕ್ಷಿಣ್ಯ ಒಬ್ಬಳದು, ಬಸಿರು ಇನ್ನೊಬ್ಬಳದು, ಜಾಗ ಹೋದದ್ದು ಮಾತ್ರ ದಾಕ್ಷಿಣ್ಯದವಳದು. ಕಾರ್ತಿಕ ಕಾಫಿಯನ್ನು ಕೊನೆಯವರೆಗೂ ಕುಡಿದು, ಲೋಟ ತೊಳೆದಿಟ್ಟು, ಹೊರಗೆ ಹೋಗಿ ಕಾರು ಹತ್ತಿದ. ಅವಸರದಲ್ಲಿ ಅವನ ಹಿಂದೆ ಓಡಿದ ದೀಕ್ಷಿತಾಳ ಮೊಣಕಾಲಿಗೆ ಕಾರಿನ ಹಿಂದಿನ ಕಬ್ಬಿಣದ ಕೊಕ್ಕೆ ಬಡಿಯಿತು. ಅವನು ಆಗಲೇ ಕಾರು ಚಾಲೂ ಮಾಡಿದ್ದ.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಪ್ರಜ್ವಲನಿಲ್ಲದ ಮನೆ. ಅವನು ಬಂದಿಳಿದ ಮೇಲೆ ಮೊದಲ ಸಲ ಆ ಮನೆಯಲ್ಲಿ ಇಬ್ಬರೇ. ಎಷ್ಟು ಜೋರಾಗಿ ಬೇಕಾದರೂ ಜಗಳವಾಡಬಹುದಿತ್ತು. ಅವಳು ಅದಕ್ಕಾಗಿ ಕಾದಳು, ಬೇಡಿಕೊಂಡಳು ಎಂದರೂ ತಪ್ಪಲ್ಲ. "ಏನಾದ್ರೂ ಹೇಳು ಕಾರ್ತಿಕ," ಎಂದಳು.

"ಏನ್ ಹೇಳ್ಲಿ?" ಎಂದ ಅವನು, ಮೆಲ್ಲಗೆ. "ಎಲ್ರಿಗೂ ಜಾಗ ಕೊಡ್ತೀಯಲ್ಲ. ನಂಗೆ ಎಲ್ಲಿಟ್ಟಿದೀಯಾ?"

ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತು. ಬಾಗಿಲ ಬಳಿ ಹೋಗಿ ಕೈ ಎತ್ತಿದಳು. ತೆಗೆ ಎಂದು ಕೇಳಿದ್ದರೆ ತೆಗೆಯುತ್ತಿದ್ದನೋ ಏನೋ. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು ಅವಳು ಕಲಿಯದೇ ಬಿಟ್ಟ ಒಂದೇ ಒಂದು ಪಾಠ. ಎತ್ತಿದ ಕೈ ಇಳಿಸಿ, ಚೆರಾಟಿಂಗಿಗೆಂದು ಕಟ್ಟಿದ ಗಂಟಿನಿಂದ ಚಾಪೆ ತೆಗೆದು, ನಡುಮನೆಯಲ್ಲಿ ಬಾಗಿಲ ಕಡೆಗೆ ಹಾಸಿಕೊಂಡು ಮಲಗಿದಳು.