ಕೇಶರಬಾಯಿಯ ಅಂಗಡಿಯಲ್ಲಿ ಮಂದಿಯ ಮೋಟಾರುಗಳು

ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಗಿನ ಐದೂವರೆ ಗಂಟೆ. ತಗಡಿನ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಕೇಶರಬಾಯಿ ನೆಲದ ಮೇಲೆ ಕುಳಿತು, ಬಾವಿಯ ಪಂಪಿನ ಮೋಟಾರೊಂದನ್ನು ಬಿಚ್ಚಿಟ್ಟುಕೊಂಡು ಅದರ ಹೊಟ್ಟೆಗೆ ತಾಮ್ರದ ತಂತಿ ತುಂಬುತ್ತಿದ್ದಾರೆ. ಬೆರಳು ಹೋಗದ ಕಡೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಒತ್ತುತ್ತಾರೆ.

"ಈ ಹೊತ್ತಿನ್ಯಾಗ ಕರೆಂಟ್ ಭರ್ತಿ ಇರ್ತದ್ರಿ. ಏಳು ಹೊಡದ್ರ ಎಲ್ಲಾ ಬಾವಿ ಚಾಲೂ ಆಗ್ತಾವ, ಇಲ್ಲಿ ಬಲ್ಬೂ ಮಂಕಾಗ್ತದ" ಎನ್ನುತ್ತಾರೆ ಮಾತಾಡಿಸಲು ಬಂದ ನನಗೆ, ತಲೆ ಎತ್ತದೆ.

ಹೊರಗಿನ ಫಲಕದಲ್ಲಿ ಇಂದಿಗೂ ಗಂಡ ಏಕನಾಥರ ಹೆಸರಿದೆ. ಅವರ ಕಣ್ಣು ಮಂಜಾದ ಮೇಲೆ ಏಳು ವರ್ಷ ತಂತಿ ಸುತ್ತಿದ್ದು ಬಸವಕಲ್ಯಾಣದಿಂದ ಮದುವೆಯಾಗಿ ಬಂದ ಈ ಹೆಂಡತಿಯೇ. ಗಿರಾಕಿಗಳಿಗೆ ಅದು ಗೊತ್ತಾದದ್ದು ೧೯೭೮ರಲ್ಲಿ ಏಕನಾಥ ತೀರಿಕೊಂಡು, ಅಂಗಡಿ ಮಾತ್ರ ಮುಚ್ಚದೆ ಉಳಿದಾಗ. ಒಂದು ಮೋಟಾರಿಗೆ ಒಂದೂವರೆ ದಿನ ಬೇಕು. ಎರಡು ಸಾವಿರಕ್ಕೂ ಹೆಚ್ಚು ಸುತ್ತು. ಒಂದು ತಪ್ಪಿದರೆ ಎಲ್ಲವನ್ನೂ ಬಿಚ್ಚಬೇಕು.

ಇಂಥ ಲೆಕ್ಕದಲ್ಲಿ ತಪ್ಪದ ಕೇಶರಬಾಯಿಗೆ ಎರಡು ವರ್ಷದಿಂದ ಒಂದು ಪ್ರಶ್ನೆ ಬಗೆಹರಿದಿಲ್ಲ.

೧೯೮೨ರ ಮಾರ್ಚಿನ ಒಂದು ಮಧ್ಯಾಹ್ನ ಪಕ್ಕದ ಗಾದಿ ಅಂಗಡಿಯ ಹತ್ತಿಗೆ ಬೆಂಕಿ ಬಿತ್ತು. ಕೇಶರಬಾಯಿ ಹೊರಗೆ ಓಡಿ ಬದುಕಿದರು. ತಂತಿ, ಉಪಕರಣ, ಸುತ್ತುವ ಯಂತ್ರ ಎಲ್ಲ ಹೋಯಿತು. ಅವುಗಳ ಜತೆ ರೈತರು ರಿಪೇರಿಗೆ ಬಿಟ್ಟುಹೋಗಿದ್ದ ಹನ್ನೊಂದು ಮೋಟಾರುಗಳೂ ಕರಕಲಾದವು. ಆದರೂ ಅವರು ಧೈರ್ಯಗೆಡಲಿಲ್ಲ. ಅಂಗಡಿಗೆ ವಿಮೆ ಇತ್ತು. "ಒಳಗಿಂದು ಎಲ್ಲಾ ಬರ್ತದ" ಎಂದು ಏಜೆಂಟ್ ಚನ್ನಬಸಪ್ಪ ಹೇಳಿದ್ದರು.

ನಷ್ಟ ನೋಡಲು ಬಂದ ಅಧಿಕಾರಿ ಮೋಟಾರುಗಳನ್ನು ತೋರಿಸಿ, ಇವು ಯಾರವು ಎಂದು ಕೇಳಿದರು.

"ರೈತರವ್ರಿ" ಎಂದರು ಕೇಶರಬಾಯಿ.

ಅಧಿಕಾರಿ ಅದನ್ನೇ ಬರೆದುಕೊಂಡರು. ತಿಂಗಳ ನಂತರ ಉತ್ತರ ಬಂತು: ನಿಮ್ಮ ಸಾಮಾನಿಗೆ ಪರಿಹಾರ ಉಂಟು, ಪರರ ಸಾಮಾನಿಗೆ ಇಲ್ಲ.

"ಅಕ್ಕಾರ, ನನ್ನವೇ ಅಂದಿದ್ರ ಮುಗೀತಿತ್ತಲ್ಲ" ಎಂದು ಚನ್ನಬಸಪ್ಪ ಪೇಚಾಡಿದರು.

"ನನ್ನವಲ್ಲ, ಹ್ಯಾಂಗ ಅನ್ಲಿ?" ಎಂದವರಿಗೆ ಅಂದಿನಿಂದ ತಲೆ ಬಿಸಿ. ಅದನ್ನು ನನ್ನ ಮುಂದೆಯೂ ಬಿಚ್ಚಿಡುತ್ತಾರೆ: "ನನ್ನವಲ್ಲ ಅಂದ್ರ, ಸುಟ್ಟದ್ದಕ್ಕ ನಾ ಯಾಕ ಕೊಡಬೇಕು? ನಾನೇ ಕೊಡಬೇಕು ಅಂದ್ರ, ನನ್ನವು ಹ್ಯಾಂಗ ಅಲ್ಲ? ಇಷ್ಟು ಮಂದೀನ್ನ ಕೇಳೀನಿ. ಒಬ್ಬೊಬ್ರು ಒಂದೊಂದು ಹೇಳ್ತಾರ."

ಆದರೆ ಆಗ ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ಇರಲಿಲ್ಲ. ಹಳ್ಳಿಖೇಡದ ಗುಂಡಪ್ಪ ಬಂದು ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. "ಅಕ್ಕಾರ, ಕಬ್ಬು ಒಣಗಾಕತ್ತದ" ಎಂದರು, ಅಷ್ಟೇ.

ಕರಕಲಾದ ಮೋಟಾರುಗಳ ಕಬ್ಬಿಣದ ಒಡಲು ಮಾತ್ರ ಉಳಿದಿತ್ತು. ತನ್ನ ಸಾಮಾನಿಗೆ ಬಂದ ಪರಿಹಾರದಲ್ಲಿ ಕೇಶರಬಾಯಿ ಯಂತ್ರ ಕೊಳ್ಳಲಿಲ್ಲ; ರೈತರ ಮೋಟಾರುಗಳಿಗೆ ತಂತಿ, ಬೇರಿಂಗ್ ತಂದರು. ಮರದ ಹಲಗೆಗೆ ಮೊಳೆ ಹೊಡೆದು ಕೈಯಲ್ಲೇ ಸುತ್ತತೊಡಗಿದರು. ಯಾರ ಬೆಳೆ ಮೊದಲು ಬಾಡುತ್ತದೋ ಅವರ ಮೋಟಾರು ಮೊದಲು. ಕೊಹಿನೂರು ಹಳ್ಳಿಯ ಒಬ್ಬರು ಕಾಯಲಾರದೆ ತಮ್ಮದನ್ನು ಗುಲ್ಬರ್ಗಕ್ಕೆ ಒಯ್ದರು. "ಅವರದೂ ಖರೇನ ಅದ. ನೀರಿಲ್ಲದ ಗಿಡ ನನ್ನ ಮಾತು ಕೇಳ್ತದೇನ್ರಿ?" ಎನ್ನುತ್ತಾರೆ ಕೇಶರಬಾಯಿ. ಉಳಿದ ಹತ್ತೂ ಮಳೆಗಾಲದೊಳಗೆ ಬಾವಿಗೆ ಮರಳಿದವು. ಯಾರಿಂದಲೂ ಕೂಲಿ ತೆಗೆದುಕೊಳ್ಳಲಿಲ್ಲ. ಗುಂಡಪ್ಪ ಮಾತ್ರ ಒಪ್ಪದೆ ಒಂದು ಡಬ್ಬಿ ಬೆಲ್ಲ ಇಟ್ಟು ಹೋದರು.

ಈ ವರ್ಷ ಚನ್ನಬಸಪ್ಪ ಹೊಸ ವಿಮೆಯ ಕಾಗದ ತಂದಿದ್ದಾರೆ. ಗಿರಾಕಿಗಳ ಸಾಮಾನೂ ಸೇರಿದೆಯಂತೆ. ಕೇಶರಬಾಯಿ ಅದನ್ನು ಓದಿ ಹೇಳಿರೆಂದು ನನ್ನ ಕೈಗೆ ಕೊಡುತ್ತಾರೆ. ಇಂಗ್ಲಿಷಿನಲ್ಲಿದೆ. ಮೂರು ಸಲ ಓದುತ್ತೇನೆ. ಒಂದು ಸಾಲು, ಗಿರಾಕಿಗಳ ಸಾಮಾನು ಸೇರಿದೆ ಎನ್ನುತ್ತದೆ. ಅದರ ಕೆಳಗಿನದು, ಕೆಲಸ ನಡೆದಿರುವ ವಸ್ತುವಿಗೆ ಅನ್ವಯಿಸದು ಎನ್ನುವಂತಿದೆ.

"ಕೆಲಸ ಇಲ್ಲದ ಮೋಟಾರು ನನ್ನ ಅಂಗಡಿಗ್ಯಾಕ ಬರ್ತದ್ರಿ?"

ಅವರು ಕಾಗದವನ್ನು ಮಡಚಿ ಡಬ್ಬಿಯಲ್ಲಿಡುತ್ತಾರೆ. ದೊಡ್ಡ ಆಸೆಯೇನೂ ಇಲ್ಲ, ಒಂದೇ ಒಂದು ಎನ್ನುತ್ತಾರೆ.

"ಮೋಟಾರು ಬಿಟ್ಟು ಹೋಗೋರಿಗೆ ನಾ ಚೀಟಿ ಬರದು ಕೊಡ್ತೀನಿ. ಕನ್ನಡದಾಗ. ಓದಾಕ ಬರದವರಿಗೆ ಓದಿ ಹೇಳ್ತೀನಿ. ಈ ವಿಮಾದವ್ರೂ ನಂಗ ಹಂಗ ಕೊಡ್ಲಿ."