ಬಚ್ಚಲಲ್ಲಿ ಮಸೆದ ಚೂರಿ

ನಾನು ಅನುಮಾನದ ಹೆಂಗಸು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬರಗೂರಿನ ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳ ಕಿತಾಪತಿ ಹಿಡಿದವಳಿಗೆ ಬೇರೆ ಸ್ವಭಾವ ಬರುವುದಾದರೂ ಹೇಗೆ? ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುತ್ತೇನೆ. ರಿಟೈರಾದ ಮೇಲೆ ಸಿರಾದ ಮನೆಯಲ್ಲಿ ನಾನೊಬ್ಬಳೇ. ಹಿಂದಿನ ಪೋರ್ಷನ್ನಿನಲ್ಲಿ ಎಂಟು ವರ್ಷದಿಂದ ಬಾಡಿಗೆಗಿದ್ದವರು ಹಾಸಿಗೆ ಹೊಲಿಯುವ ಸಾಬರು ಮತ್ತು ಅವರ ಕಣ್ಣು ಕಾಣದ ತಾಯಿ. ನಾನು ಮಲಗುವ ಹಾಸಿಗೆಯೂ ಅವರೇ ಹೊಲಿದದ್ದು.

ಆ ಅಜ್ಜಿಯ ಕಾಲಿಗೆ ಮನೆ ಗೊತ್ತಿತ್ತು. ಬಾಗಿಲಿಂದ ನಲ್ಲಿಗೆ ಹನ್ನೊಂದು ಹೆಜ್ಜೆ, ನಲ್ಲಿಯಿಂದ ಬೇವಿನ ಕಟ್ಟೆಗೆ ಏಳು. ಎಣಿಸಿಕೊಂಡೇ ಓಡಾಡುತ್ತಿತ್ತು. ಯಾರಾದರೂ ಅಡ್ಡ ಬಕೆಟ್ ಇಟ್ಟರೆ, "ಯಾರ್ಲಾ ಅದು, ನನ್ ರೋಡಲ್ಲಿ?" ಎಂದು ಬೈಯುತ್ತಿತ್ತು. ಬುಕ್ಕಾಪಟ್ಟಣದ ಮಗಳ ಮನೆಗೆ ಹೋದಾಗ ಮಾತ್ರ ಮೂಲೆ ಹಿಡಿದು ಕೂತುಬಿಡುವುದು. ಅಲ್ಲಿ ಅದಕ್ಕೆ ಒಂದು ಹೆಜ್ಜೆಯೂ ಗೊತ್ತಿಲ್ಲ.

ಆ ವರ್ಷ ಬಕ್ರೀದಿಗೆ ಸಾಬರು ಮೊದಲ ಸಲ ಟಗರು ತಂದು ನಮ್ಮ ಬೇವಿನ ಮರಕ್ಕೆ ಕಟ್ಟಿದರು. ಅದುವರೆಗೆ ನೆಂಟರ ಮನೆಯ ಬಲಿಯಲ್ಲಿ ಪಾಲು ಸೇರುತ್ತಿದ್ದರು. ಕಟ್ಟಿಕೊಳ್ಳಿ ಎಂದು ನಾನೇ ಹೇಳಿದ್ದೆ. ಹಬ್ಬಕ್ಕೆ ನಾಲ್ಕು ದಿನವಿತ್ತು. ಶನಿವಾರ ಬೆಳಿಗ್ಗೆ ಟಗರಿಗೆ ಅಕ್ಕಿ ತೊಳೆದ ನೀರಿಡಲು ಹಿತ್ತಲಿಗೆ ಹೋದೆ. ಬಾಗಿಲು ಹಾಕಿದ ಬಚ್ಚಲೊಳಗಿಂದ ಕಲ್ಲಿಗೆ ಕಬ್ಬಿಣ ಉಜ್ಜುವ ಸದ್ದು. ಸದ್ದು ನಿಂತು ಸಾಬರು ಹೊರಗೆ ಬಂದರು. ಟಗರಿನ ಪಕ್ಕದಲ್ಲಿ ನಿಂತ ನನ್ನನ್ನು ಕಂಡಿದ್ದೇ ತಡ, ಅವರ ಬಲಗೈ ಬೆನ್ನ ಹಿಂದಕ್ಕೆ ಹೋಯಿತು.

"ಏನ್ರೀ ಅದು?"

"ಏನಿಲ್ಲ ಟೀಚರಮ್ಮ. ಇಲ್ಲಿ ಬ್ಯಾಡ, ಆಮೇಲ್ ಹೇಳ್ತೀನಿ."

ಬೆನ್ನು ತೋರಿಸದೆ ಅಡ್ಡಡ್ಡ ನಡೆದು ಮನೆ ಸೇರಿಕೊಂಡರು. ಹೆಗಲಿಂದ ಇಳಿಬಿದ್ದ ಟವೆಲ್ಲಿನ ಕೆಳಗೆ ಚೂರಿಯ ತುದಿ ಕಂಡಿತು. ಎಂಟು ವರ್ಷ ತಲೆ ತಗ್ಗಿಸಿ ಮಾತಾಡಿದ ಮನುಷ್ಯ! ಹಬ್ಬಕ್ಕೆ ಚೂರಿ ಬೇಕು, ನನಗೇನು ಗೊತ್ತಿಲ್ಲವೇ? ಆದರೆ ಬಾಗಿಲು ಹಾಕಿಕೊಂಡು ಮಸೆಯುವುದೇಕೆ? ನನ್ನನ್ನು ಕಂಡು ಬಚ್ಚಿಡುವುದೇಕೆ? ಸಂಜೆ ಬಂದು ಬಾಗಿಲು ತಟ್ಟಿದರು. ಪ್ರಾರ್ಥನೆಯಲ್ಲಿದ್ದೇನೆ ಎಂದು ಒಳಗಿನಿಂದಲೇ ಕೂಗಿದೆ. ಎಲ್ಲಿಯ ಪ್ರಾರ್ಥನೆ, ಟಿವಿ ಸೌಂಡು ಕಮ್ಮಿ ಮಾಡಿ ಕೂತಿದ್ದೆ.

ಮರುದಿನ ಭಾನುವಾರ. ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಚರ್ಚೆಯಿತ್ತು. ಎಲ್ಲೋ ಬಾಂಬು ಸಿಡಿದ ವಿಡಿಯೋ ಆ ವಾರ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ನಮ್ಮ ಪಾದ್ರಿ ಅಯ್ಯನವರು ಬೋರ್ಡಿನ ಮೇಲೆ, ಇಸ್ಲಾಂ ಹುಟ್ಟಿನಿಂದಲೇ ಹಿಂಸೆಯ ಧರ್ಮವೇ ಎಂದು ಬರೆದರು.

ಮಧುಗಿರಿಯಿಂದ ಬರುವ ಹಿರಿಯರೊಬ್ಬರು ಮೊದಲು ಎದ್ದರು. "ಕೆಟ್ಟೋರು ಎಲ್ಲಾ ಕಡೆ ಇದಾರೆ, ಒಪ್ತೀನಿ. ಆದ್ರೆ ಬೇರು ನೋಡ್ರಿ. ಕತ್ತಿ ಎಳೆದ ಶಿಷ್ಯನ್ನ ನಮ್ಮ ಪ್ರಭು ತಡೆದ. ಅವರ ಪ್ರವಾದಿ ತಾನೇ ಯುದ್ಧಕ್ಕೆ ಹೋದ. ಬೇರು ಹಂಗಿದ್ಮೇಲೆ ಇನ್ನೇನು?"

ಪಾವಗಡದ ನರ್ಸಮ್ಮ ಬಿಡಲಿಲ್ಲ. "ಏಮಿ ಸಾರ್, ನಮ್ ಬೈಬಲ್ಲಲ್ಲೇ ಹಳೇ ಚರಿತ್ರೆ ತೆಗೀರಿ. ದೇವರ ಹೆಸರಲ್ಲಿ ಊರಿಗೂರೇ ಕೊಂದಾಕ್ಲಿಲ್ವಾ? ಕೂಸುಗಳ್ನ ಬಿಟ್ರಾ?"

"ಆ ಅಪ್ಪಣೆ ಆ ಕಾಲಕ್ಕೆ, ಆ ಊರಿಗೆ ಮಾತ್ರ ಕಣಮ್ಮ."

"ಅವ್ರೂ ಅದೇ ಹೇಳ್ತಾರೆ ಸಾರ್, ನಾವ್ ಕೇಳಲ್ಲ ಅಷ್ಟೇ."

ಒಂದಿಬ್ಬರು ನಕ್ಕರು. ನನಗೆ ರೇಗಿತು. ಎದ್ದು ನಿಂತೆ. "ಹಳೇದೆಲ್ಲ ಬಿಡಿ. ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ," ಎಂದು ಬಚ್ಚಲು, ಸದ್ದು, ಬೆನ್ನ ಹಿಂದಿನ ಚೂರಿ ಎಲ್ಲವನ್ನೂ ಹೇಳಿದೆ. "ಎಂಟು ವರ್ಷ ಅನ್ನ ನೀರು ಹಂಚ್ಕೊಂಡ ಮನುಷ್ಯ, ಮನಸ್ಸಲ್ಲಿ ಏನೂ ಇಲ್ದಿದ್ರೆ ಬಚ್ಚಿಡ್ತಾನಾ?" ಎಂದೆ. ನರ್ಸಮ್ಮ ಕೂತುಕೊಂಡಳು. ಗೆದ್ದೆನಲ್ಲ ಎಂದು ಮೈಯೆಲ್ಲ ಹಿಗ್ಗಿತು, ಸುಳ್ಳೇಕೆ ಹೇಳಲಿ.

"ಅಂಥೋರ್ನ ಇನ್ನೂ ಮನೇಲಿಟ್ಕೊಂಡಿದೀರಾ ಟೀಚರೇ?" ಎಂದರು ಹಿರಿಯರು. ಅಷ್ಟೂ ಜನ ನನ್ನತ್ತ ತಿರುಗಿದರು. ಆಡಿದ ಮಾತಿಗೆ ಸಿಕ್ಕಿಬಿದ್ದೆ. ಸೋಮವಾರ ಬೆಳಿಗ್ಗೆ ಸಾಬರನ್ನು ಗೇಟಿನ ಹತ್ತಿರ ಕರೆದು, ಮನೆ ರಿಪೇರಿಯಿದೆ, ತಿಂಗಳೊಳಗೆ ಖಾಲಿ ಮಾಡಿ ಎಂದೆ. ಅವರು "ಆಯ್ತು ಟೀಚರಮ್ಮ" ಎಂದರು. ಯಾಕೆ ಎಂದು ಕೇಳಲಿಲ್ಲವಲ್ಲ ಎಂದು ಅದಕ್ಕೂ ಅನುಮಾನಪಟ್ಟೆ.

ಬುಧವಾರ ಹಬ್ಬ. ಅಡುಗೆಮನೆ ಕಿಟಕಿಯಿಂದ ನೋಡುತ್ತಲೇ ಇದ್ದೆ. ನಮಾಜು ಮುಗಿಸಿ ಬಂದ ಸಾಬರು ಟಗರಿಗೆ ನೀರು ಕುಡಿಸಿದರು, ಕತ್ತು ನೇವರಿಸಿದರು, ಮಲಗಿಸಿ ಅದರ ಕಣ್ಣಿನ ಮೇಲೆ ಅಂಗೈ ಇಟ್ಟರು. ಆಮೇಲೆ ಟವೆಲ್ಲಿನಡಿಯಿಂದ ಚೂರಿ ಬಂತು. ಮುಖ ತಿರುಗಿಸಿಕೊಂಡೆ. ಆದರೆ ಆ ಅಂಗೈ ನನ್ನನ್ನು ಸುಮ್ಮನಿರಗೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೋಗಿ ಬಾಗಿಲಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದೆ, "ನಿಮ್ಮಗ ಚೂರೀನ ಯಾಕಜ್ಜಿ ಹಂಗೆ ಬಚ್ಚಿಡ್ತಾರೆ?"

"ಟಗರಿಗೆ ಕಾಣ್ಬಾರ್ದು ಕಣಮ್ಮಾ. ಅದ್ರೆದ್ರಿಗೆ ಮಸೀಲೂ ಬಾರ್ದು, ಹೆದರ್ಕೊತದೆ. ಪಾಪ, ಅದೂ ಜೀವ ಅಲ್ವಾ? ನನ್ ಮಗ ಅದ್ರ ಮುಂದೆ ಚೂರಿ ಮಾತೂ ಎತ್ತಕಿಲ್ಲ. ಹುಚ್ಚು ನನ್ಮಗ." ಎಂದು ಬೊಚ್ಚು ಬಾಯಲ್ಲಿ ನಕ್ಕಿತು.

ಅಯ್ಯೋ ದೇವರೇ. ಅವರು ಬಚ್ಚಿಟ್ಟದ್ದು ನನ್ನಿಂದಲ್ಲ, ನನ್ನ ಪಕ್ಕದಲ್ಲಿದ್ದ ಟಗರಿನಿಂದ. ಒಂದು ಟಗರಿನಿಂದ ಒಂದು ಧರ್ಮದ ತೀರ್ಪು ಆಗುವುದಿಲ್ಲ. ಮಧುಗಿರಿ ಹಿರಿಯರ ಪ್ರಶ್ನೆ ನನ್ನೊಳಗೆ ಇವತ್ತಿಗೂ ಇದೆ. ಆದರೆ ನಾನು ಕೊಟ್ಟದ್ದು ಸುಳ್ಳು ಸಾಕ್ಷಿ. ಸುಳ್ಳು ಸಾಕ್ಷಿ ಪಾಪ ಎಂದು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವಳೂ ನಾನೇ.

ಅವತ್ತೇ ಸಾಬರನ್ನು ಕರೆದು, ರಿಪೇರಿ ಇಲ್ಲ, ಏನೂ ಇಲ್ಲ, ಇಲ್ಲೇ ಇರಿ ಎಂದೆ. ತಪ್ಪಾಯ್ತು ಎಂದೂ ಹೇಳಿದೆ.

"ನೀವ್ ಚರ್ಚಲ್ಲಿ ಹೇಳಿದ್ದು ನಂಗೂ ಗೊತ್ತಾಯ್ತು ಟೀಚರಮ್ಮ. ಸಿರಾ ಎಷ್ಟು ದೊಡ್ಡೂರು?" ಎಂದರು. ದನಿ ಏರಿರಲಿಲ್ಲ. "ಇವತ್ತು ಇರಿ ಅಂತೀರ. ನಾಳೆ ಈರುಳ್ಳಿ ಹೆಚ್ಚೋಕೆ ಚಾಕು ತಗೊಂಡ್ರೂ ನಿಮ್ಗೆ ಭಯ. ನಿಮ್ ಕಿಟಕಿ ಕಂಡ್ರೆ ಈಗ ನಂಗೂ ಭಯ. ಬ್ಯಾಡ ಬುಡಿ. ಬುಕ್ಕಾಪಟ್ಟಣದಲ್ಲಿ ತಂಗಿ ಮನೆ ಹಿಂದೆ ಒಂದ್ ರೂಮ್ ನೋಡಿ ಮಾತು ಕೊಟ್ಬುಟ್ಟಿದೀನಿ."

ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನನ್ನ ಮಾತು ವಾಪಸ್ ತೆಗೆದುಕೊಂಡೆ. ಹಿರಿಯರು ಅವತ್ತು ಬಂದಿರಲಿಲ್ಲ. ಬಂದವರಲ್ಲಿ ಅರ್ಧ ಜನ ಊಟಕ್ಕೆ ಏಳುತ್ತಿದ್ದರು.

ಸಾಮಾನು ತುಂಬಲು ಟೆಂಪೋ ಬಂದ ದಿನ ಅಜ್ಜಿಯ ಕೈ ಹಿಡಿದು ಗೇಟಿನವರೆಗೆ ನಾನೇ ಕರೆದುಕೊಂಡು ಹೋದೆ. ತುಟಿಯಲ್ಲೇ ಹೆಜ್ಜೆ ಎಣಿಸುತ್ತಾ ಬಂತು. ಗೇಟು ದಾಟಿದ ಮೇಲೆ ಎಣಿಕೆ ನಿಂತಿತು. ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಬ್ಯಾಸರ ಮಾಡ್ಕಬ್ಯಾಡಿ ಟೀಚರಮ್ಮ," ಎಂದಿತು. "ನೀವು ಎಷ್ಟೋ ಇರಿ ಅಂದ್ರಂತೆ, ಮಗ ಹೇಳ್ದ. ಮಗ್ಳು ಒಬ್ಳೇ ಅವ್ಳೆ, ಅವ್ಳ ಹತ್ರ ಇರಾನ ಅಂತ ಅವ್ನೇ ಹಟ ಹಿಡ್ದವ್ನೆ. ಇಲ್ದಿದ್ರೆ ನಿಮ್ಮನ್ನ ಬುಟ್ಟು ಹೋಗ್ತಿದ್ನಾ?"

ನಾನು ತಲೆಯೆತ್ತಿ ಸಾಬರನ್ನು ನೋಡಿದೆ. ಅವರು ಟೆಂಪೋ ಪಕ್ಕದಲ್ಲಿ ಹಾಸಿಗೆ ಸುತ್ತುತ್ತಿದ್ದರು. ನಮ್ಮ ಮಾತು ಕೇಳಿಸಿತ್ತು. ನನ್ನನ್ನೇ ನೋಡಿ, ಹೇಳಬೇಡಿ ಎಂಬಂತೆ ಮೆಲ್ಲಗೆ ತಲೆಯಾಡಿಸಿದರು. ಆಮೇಲೆ ಬಂದು ತಾಯಿಯ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡರು.