ಫೋರ್ ಎಸ್ ರ್ಯಾಂಚಿನಲ್ಲೊಂದು ಜೈಸಲ್ಮೇರ್ ಜಾಲಂಧ್ರ

ಲಾಸ್ ಏಂಜಲಿಸ್‌ನಿಂದ ಎರಡು ಗಂಟೆ ದಾರಿಯ ನಮ್ಮ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಮನೆಗೆ ಯಾವ ಬಣ್ಣ ಬಳಿಯಬೇಕು ಎಂದು ಮನೆಯವರು ತೀರ್ಮಾನಿಸುವ ಹಾಗಿಲ್ಲ. ಅದಕ್ಕೆ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘದ ಕಮಿಟಿ ಇದೆ. ಬೇಲಿಯ ಎತ್ತರ, ಬಾಗಿಲಿನ ಬಣ್ಣ, ಮುಂದಿನ ಅಂಗಳದಲ್ಲಿ ಏನಿರಬಹುದು ಏನಿರಬಾರದು, ಎಲ್ಲಕ್ಕೂ ಅದರ ಒಪ್ಪಿಗೆ ಬೇಕು. 2022ರಲ್ಲಿ ಆ ಕಮಿಟಿಯ ಐದು ಜನರಲ್ಲಿ ನಾನೂ ಒಬ್ಬಳು. ಆಫೀಸಿನಲ್ಲಿ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ಇನ್ನೊಬ್ಬರ ತಪ್ಪು ಹುಡುಕುವುದೇ ಹೊಟ್ಟೆಪಾಡು. ಸಂಜೆಯೂ ಅದನ್ನೇ ಪುಕ್ಕಟೆ ಮಾಡಲು ಹೊರಟಾಗ ಗಂಡ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನಕ್ಕಿದ್ದರು.

ಆ ಬೇಸಿಗೆಯಲ್ಲಿ ಬೀದಿಯ ಮೂಲೆಮನೆಯ ಅಂಕಲ್ ತಮ್ಮ ಮುಂದಿನ ಕಿಟಕಿಯ ಹೊರಗೆ ಕಲ್ಲಿನ ಜಾಲಂಧ್ರವೊಂದನ್ನು ನಿಲ್ಲಿಸಿದರು. ಅಂಕಲ್, ಆಂಟಿ ಇಬ್ಬರೂ ಜೈಸಲ್ಮೇರಿನವರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಮಾರ್ಬಲ್ ಅಂಗಡಿ ನಡೆಸಿ, ಈಗ ಮಗಳ ಮನೆಯಲ್ಲಿದ್ದರು. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ಅವರ ಊರಿನ ಶಿಲ್ಪಿಯೊಬ್ಬ ಅದನ್ನು ಕೆತ್ತಿ, ತುಂಡುತುಂಡಾಗಿ ಹಡಗಿನಲ್ಲಿ ಕಳಿಸಿದ್ದ. ಅಂಕಲ್ ಲಾಸ್ ಏಂಜಲಿಸ್‌ಗೆ ಟ್ರಕ್ ತೆಗೆದುಕೊಂಡು ಹೋಗಿ, ಬಂದರಿನ ಹತ್ತಿರದ ಗೋದಾಮಿನಿಂದ ತಾವೇ ಬಿಡಿಸಿಕೊಂಡು ತಂದಿದ್ದರು.

ವಾಕಿಂಗ್ ಹೊರಟವಳು ಅಲ್ಲೇ ನಿಂತುಬಿಟ್ಟೆ. ಜೇನುಬಣ್ಣದ ಕಲ್ಲು, ಅದರ ತುಂಬ ಹೂವು, ಬಳ್ಳಿ, ನಕ್ಷತ್ರ. ನಡುವೆ ಬೆರಳೂ ತೂರದಷ್ಟು ಸಣ್ಣ ಕಿಂಡಿಗಳು. ನಮ್ಮ ಬೀದಿಯ ಮನೆಗಳೂ ಹೆಚ್ಚುಕಡಿಮೆ ಅದೇ ಬಣ್ಣದವು, ಆದರೆ ನಮ್ಮದು ಪೇಂಟ್ ಡಬ್ಬಿಯಿಂದ ಬಂದದ್ದು. ಸಂಜೆಯ ಬಿಸಿಲು ಬಿದ್ದರೆ ಆ ಕಲ್ಲು ಮಾತ್ರ ಬಂಗಾರವಾಗುತ್ತಿತ್ತು.

"ಸಿಮೆಂಟ್ ಎಲ್ಲಿದೆ ತೋರ್ಸಮ್ಮ ನೋಡೋಣ" ಎಂದರು ಅಂಕಲ್. ತಪ್ಪು ಹುಡುಕುವ ಕಣ್ಣಲ್ಲವೇ, ಮೇಲಿನಿಂದ ಕೆಳಗೆ ಹುಡುಕಿದೆ. ಎಲ್ಲೂ ಇರಲಿಲ್ಲ. ಒಂದು ಕಲ್ಲಿನ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂತಿತ್ತು, ಅಷ್ಟೇ.

"ಗಾರೆ ಕಲಸೋಕೆ ನಮ್ಮೂರಲ್ಲಿ ನೀರೆಲ್ಲಿತ್ತು? ಅದಕ್ಕೇ ಕಲ್ಲಿಗೆ ಕಲ್ಲು ಕಚ್ಚಿಸಿದ್ರು."

ಮುಂದಿನ ನಾಲ್ಕು ಸಂಜೆ ನನ್ನ ವಾಕಿಂಗ್ ಆ ಮೂಲೆಯಲ್ಲೇ ಮುಗಿಯಿತು; ಅಂಕಲ್ ಜೈಸಲ್ಮೇರಿನ ಕಥೆ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಮರಳುಗಾಡಿನ ನಡುವಿನ ಗುಡ್ಡದ ಮೇಲೆ ಎಂಟುನೂರು ವರ್ಷಕ್ಕೂ ಹಳೆಯ ಕೋಟೆ. ಒಂಟೆಗಳ ಸಾಲು ರೇಷ್ಮೆ, ಮಸಾಲೆ ಹೊತ್ತು ಅದರ ಕೆಳಗೇ ಹೋಗಬೇಕಿತ್ತು. ಸುಂಕದಿಂದಲೇ ಊರು ಬೆಳೆಯಿತು. ನಮ್ಮ ಹಂಪಿಯ ಅರಮನೆಗಳಲ್ಲಿ ಉಳಿದಿರುವುದು ಬರೀ ಜಗತಿ. ಅಲ್ಲಿ ಕೋಟೆಯೊಳಗೆ ಇಂದಿಗೂ ಸಂಸಾರಗಳಿವೆ, ಒಲೆ ಉರಿಯುತ್ತದೆ. ಅಣ್ಣತಮ್ಮ ಇಬ್ಬರು ಶಿಲ್ಪಿಗಳು ಎಡಭಾಗ ಒಬ್ಬ, ಬಲಭಾಗ ಒಬ್ಬ ಎಂದು ಹಂಚಿಕೊಂಡು ಕಟ್ಟಿದ ಹವೇಲಿ, ಅಂದರೆ ದೊಡ್ಡ ಮನೆಯೊಂದಿದೆಯಂತೆ. ಎರಡೂ ಒಂದೇ ಥರ ಕಾಣುತ್ತವೆ, ಹತ್ತಿರ ಹೋದರೆ ಒಂದು ಹೂವೂ ಇನ್ನೊಂದರ ಹಾಗಿಲ್ಲ. ಒಬ್ಬ ದಿವಾನ ತನ್ನ ಹವೇಲಿ ಅರಮನೆಯಷ್ಟೇ ಎತ್ತರವಿರಲಿ ಎಂದು ಎರಡು ಮಹಡಿ ಏರಿಸಿದನಂತೆ; ಅರಸ ಅವನ್ನು ಕೆಡವಿಸಿದನಂತೆ.

"ಆಗ್ಲೇ ಎಚ್‌ಒಎ ಇತ್ತು ಅನ್ನಿ ಅಂಕಲ್" ಎಂದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆ ವಾರವೇ ಜಾಲಂಧ್ರದ ಮೇಲೆ ಕಮಿಟಿಗೆ ದೂರು ಬಂತು. ಮುಂದಿನ ಅಂಗಳದಲ್ಲಿ ಒಪ್ಪಿಗೆಯಿಲ್ಲದ ಕಟ್ಟಡ, ತೆಗೆಸಿ ಎಂದು. ಇಬ್ಬರು ಇರಲಿ ಎಂದರು, ಇಬ್ಬರು ಬೇಡ ಎಂದರು. ನಾಲ್ವರೂ ನನ್ನ ಮುಖ ನೋಡಿದರು. ಆ ಐವರಲ್ಲಿ ಭಾರತದವಳು ನಾನೊಬ್ಬಳೇ. ತನ್ನವರೆಂದು ಪಕ್ಷಪಾತ ಮಾಡಿದಳು ಎಂದು ಯಾರೂ ಅನ್ನಬಾರದಲ್ಲ! ಸಿಮೆಂಟಿಲ್ಲದ್ದನ್ನು ಬಾಯ್ತುಂಬ ಹೊಗಳಿದ್ದ ನಾಲಿಗೆಯೇ, ಸಿಮೆಂಟಿಲ್ಲ, ಭೂಕಂಪವಾದರೆ ಫುಟ್‌ಪಾತ್‌ಗೆ ಬಿದ್ದೀತು ಎಂದಿತು. ಬೇಡ ಎಂದು ಕೈ ಎತ್ತಿದೆ. ಅದು ನ್ಯಾಯವಲ್ಲ, ಪುಕ್ಕಲುತನ. ಕೈ ಎತ್ತುವಾಗಲೇ ನನಗೆ ಗೊತ್ತಿತ್ತು. ಮೂವತ್ತು ದಿನದೊಳಗೆ ತೆಗೆಯಿರಿ ಎಂದು ಅವರ ಮನೆಗೆ ಕಾಗದ ಹೋಯಿತು.

ಮೂರು ವಾರ ಕಳೆದ ಮೇಲೆ ಒಂದು ಶನಿವಾರ ಬೆಳಗ್ಗೆ ಅಂಕಲ್ ಫೋನ್ ಮಾಡಿದರು. "ಬಿಚ್ತಾ ಇದ್ದೀನಿ, ಸ್ವಲ್ಪ ಬರ್ತೀಯಾ? ಕಟ್ಟಿದ್ದು ನೋಡಿದೀಯ, ಬಿಚ್ಚೋದೂ ನೋಡು."

ಹೋದೆ. ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಎರಡು ಸಲ ಮೆಲ್ಲಗೆ ತಟ್ಟಿದರು, ಮೇಲಿನ ಕಲ್ಲು ಕೈಗೆ ಬಂತು. ಕಚ್ಚಿನಲ್ಲಿ ಒಂದು ಚೂರೂ ಮುಕ್ಕಾಗಿರಲಿಲ್ಲ. ಶಿಲ್ಪಿ ಪ್ರತಿ ಕಲ್ಲಿನ ಒಳಮೈಯಲ್ಲಿ ಅಂಕಿ ಕೆತ್ತಿದ್ದ. ಕಟ್ಟುವಾಗಲೇ ಬಿಚ್ಚುವ ದಾರಿಯನ್ನೂ ಯೋಚಿಸಿದ್ದ ಆ ಕೈಗೆ ಮನಸ್ಸಿನಲ್ಲೇ ಮುಗಿದೆ. ಹದಿನೈದು ವರ್ಷ ಸಾಫ್ಟ್‌ವೇರ್ ಪರೀಕ್ಷಿಸಿದವಳು ನಾನು, ಇಷ್ಟು ಅಚ್ಚುಕಟ್ಟಾದದ್ದನ್ನು ಕಂಡಿರಲಿಲ್ಲ.

ನಡುವಿನ ಕಲ್ಲುಗಳು ಬಂದಾಗ ಹಿಂದಿನ ಗಾಜಿನ ಕಿಟಕಿ ಕಂಡಿತು. ಗಾಜಿನ ಆಚೆ ಕುರ್ಚಿಯಲ್ಲಿ ಆಂಟಿ ಕೂತಿದ್ದರು. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ನನ್ನನ್ನು ಕಂಡು ಸೆರಗನ್ನು ತಲೆಗೆ ಎಳೆದುಕೊಂಡರು.

"ಕೀಮೋ ನಡೀತಿದೆ" ಎಂದರು ಅಂಕಲ್. "ಯಾರೂ ನೋಡಬಾರ್ದು ಅಂತಾಳೆ. ಆದ್ರೆ ಬೀದಿ ನೋಡ್ದೆ ಅವಳಿಗೆ ಹೊತ್ತು ಹೋಗಲ್ಲ. ನಮ್ಮೂರ ರಾಣಿಯರು ಮೆರವಣಿಗೆ ನೋಡ್ತಿದ್ದದ್ದು ಇಂಥ ಕಿಂಡಿಗಳ ಹಿಂದೆ ಕೂತೇ ಅಲ್ವಾ. ಅದಕ್ಕೇ ಮಾಡಿಸ್ದೆ."

ಹುಷಾರಿಲ್ಲ ಎಂದಷ್ಟೇ ಕೇಳಿದ್ದೆ. "ಕಮಿಟಿಗೆ ಬರೀಬಹುದಿತ್ತಲ್ಲ ಅಂಕಲ್?"

"ಯಾರಿಗೂ ಕಾಣಬಾರ್ದು ಅಂತ ಕೂತಿರೋಳ ತಲೆ ವಿಷಯಾನ ಐದು ಜನದ ಮುಂದೆ ಓದಿಸ್ಲಾ?"

ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟೆ. ಆಮೇಲೆ, ಗಾಜಿನ ಒಳಗಡೆ ಕಮಿಟಿಯ ಅಧಿಕಾರ ಇಲ್ಲ, ಒಳಗೇ ನಿಲ್ಲಿಸೋಣ ಎಂದೆ. ಒಂದೊಂದೇ ಕಲ್ಲು ಒಳಗೆ ಹೊತ್ತೆವು. ಅಂಕಲ್ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿದರು, ನಾನು ಅಂಕಿ ಓದಿ ಕಲ್ಲು ಕೊಡುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಜಾಲಂಧ್ರ ಗಾಜಿನ ಈಚೆ ನಿಂತಿತ್ತು, ನೆಲದ ಮೇಲೆ ಹೂವಿನ ಬಿಸಿಲು ಬಿದ್ದಿತ್ತು. ಆಂಟಿ ಮಜ್ಜಿಗೆ ತಂದುಕೊಟ್ಟರು. ಲೋಟವನ್ನು ಹಾಗೇ ಕೆಳಗಿಟ್ಟೆ.

"ಆಂಟಿ, ತೆಗೀಬೇಕು ಅಂತ ಕೈ ಎತ್ತಿದ್ದು ನಾನೇ."

"ಗೊತ್ತು" ಎಂದರು ಆಂಟಿ. "ಮೀಟಿಂಗ್ ಆದ ಮಾರನೇ ದಿನದಿಂದ ನೀನು ಎದುರುಗಡೆ ಫುಟ್‌ಪಾತ್‌ನಲ್ಲಿ ತಲೆ ಬಗ್ಗಿಸ್ಕೊಂಡು ಹೋಗ್ತಿದ್ದೆ. ದಿನಾ ನೋಡ್ತಿದ್ದೆ."

ಕುರ್ಚಿಯನ್ನು ಜಾಲಂಧ್ರದ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ನಾಳೆಯಿಂದ ಈ ಕಡೆಯಿಂದ ಹೋಗಮ್ಮ. ಅಷ್ಟು ದೂರದಿಂದ ಮುಖ ಸರಿಯಾಗಿ ಕಾಣಲ್ಲ."